ತೊಟ್ಟಿಲಿಗೆ ಬೂದಿ ಬಣ್ಣ

ಭಂಕೂರ,
ಶುಕ್ರವಾರ, 10 ಜನವರಿ 2025

ನನ್ನ ರಾಧಿಕಾ,

ಅವ್ವ ಪಕ್ಕದಲ್ಲಿ ಕೂತು ತಲೆ ನೇವರಿಸುತ್ತಿದ್ದಾಳೆ ಎಂದುಕೊಂಡು ಈ ಕಾಗದ ಓದು. ಮೊದಲು ನಿನ್ನ ಸುದ್ದಿ ಹೇಳು. ಕಾಲಿನ ಬಾವು ಇಳಿಯಿತೇ? ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತದೆಯೋ, ಕೂಡಲೇ ತುಂಬಿಕೊಳ್ಳುತ್ತದೆಯೋ? ಕುಳಿ ಬೀಳುತ್ತಿದ್ದರೆ ಡಾಕ್ಟರಮ್ಮನಿಗೆ ತೋರಿಸು, ಸಣ್ಣ ಮಾತು ಎಂದು ಬಿಡಬೇಡ. ರಕ್ತದ ಗುಳಿಗೆ ತಪ್ಪಿಸಬೇಡ. ಹೊಟ್ಟೆ ತೊಳಸಿದರೆ ಊಟದ ಮೇಲೆ ನುಂಗು, ಆದರೆ ಚಹಾದ ಜೊತೆ ಬೇಡ. ಕುಂಚಾವರಂ ಕಡೆ ಅಡವಿಯ ಚಳಿ, ಇಲ್ಲಿಗಿಂತ ಎರಡು ಪಟ್ಟು ಇರುತ್ತದೆ, ಕಿವಿಗೆ ಬಟ್ಟೆ ಕಟ್ಟಿಕೊಂಡೇ ಅಂಗಳಕ್ಕೆ ಇಳಿ. ನೀರಿನ ಕೊಡ ಎತ್ತಬೇಡ. ಅಳಿಯಂದಿರು ಹೇಗಿದ್ದಾರೆ, ನಿಮ್ಮ ಅತ್ತೆಯವರ ಮಂಡಿ ನೋವು ಹೇಗಿದೆ, ಎಲ್ಲ ತಿಳಿಸು. ಮೊನ್ನೆ ಫೋನಿನಲ್ಲಿ ನೀನು ಅವರ ಹಾಗೆ "ಅವುನು, ಅವುನು" ಅಂದದ್ದನ್ನು ಕೇಳಿ ನಿಮ್ಮಪ್ಪ ಇನ್ನೂ ನಗುತ್ತಿದ್ದಾರೆ. ಮಗಳು ಪೂರಾ ತೆಲುಗಿನವಳಾದಳು ಅನ್ನುತ್ತಾರೆ.

ಫೋನು ಇರುವಾಗ ಕಾಗದ ಯಾಕೆ ಎಂದು ನೀನು ಕೇಳುತ್ತೀ. ನಿಮ್ಮ ಅತ್ತೆಯವರು ಒಳ್ಳೆಯವರೇ, ಆದರೆ ನಾನು ಫೋನು ಮಾಡಿದಾಗಲೆಲ್ಲ ಸ್ಪೀಕರಿನ ಮೇಲೆ ಹಾಕುತ್ತಾರೆ. ಆಗ ನನಗೆ ಎಲ್ಲರ ಆರೋಗ್ಯ ಕೇಳುವುದರಲ್ಲೇ ದಮ್ಮು ಮುಗಿದು ಹೋಗುತ್ತದೆ, ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಈ ಮಾತು ಅರ್ಧ ಕೇಳಿದರೆ ಅವರು ತಪ್ಪು ತಿಳಿದಾರು. ಅದಕ್ಕೆ ಪೂರಾ ಬರೆದು ನಿಮ್ಮಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ರವಿವಾರ ಅವರು ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ತರುತ್ತಾರೆ. ಹೋಳಿಗೆಯ ಡಬ್ಬಿಯ ತಳದಲ್ಲಿ ಬಟ್ಟೆಯ ಕೆಳಗೆ ನೋಡು. ನನ್ನ ಅಕ್ಷರ ನಿನಗೆ ಗೊತ್ತೇ ಇದೆ. ಐದನೆಯ ತರಗತಿಗೆ ಶಾಲೆ ಬಿಡಿಸಿದರು. ಉಳಿದದ್ದನ್ನು ನೀನು ಓದುವಾಗ ಪಕ್ಕದಲ್ಲಿ ಕೂತು ನಿನ್ನ ಪುಸ್ತಕದಲ್ಲಿ ಕಲಿತೆ. ನೀನು ಕಾಲೇಜಿಗೆ ಹೋದ ಮೇಲೆ ನನ್ನ ಕಲಿಕೆಯೂ ನಿಂತಿತು. ತಪ್ಪಿದ್ದರೆ ತಿದ್ದಿಕೊಂಡು ಓದು.

ವಿಷಯ ಒಂದು ಕನಸಿನಿಂದ ಶುರುವಾಯಿತು. ನವೆಂಬರಿನಲ್ಲಿ ನಿನ್ನ ಬಸುರಿನ ಕುಬಸ ಮುಗಿಸಿಕೊಂಡು ನಾವು ಊರಿಗೆ ಬಂದೆವಲ್ಲ, ಅಂದೇ ಬಿದ್ದ ಕನಸು. ನಮ್ಮ ಮನೆಯ ಕಬ್ಬಿಣದ ತೊಟ್ಟಿಲು ಪಡಸಾಲೆಯಲ್ಲಿದೆ, ಒಳಗೆ ಕೂಸು ಮಲಗಿದೆ. ನಾನು ತೂಗಲು ಕೈ ಇಟ್ಟರೆ ಕಂಬಿಯ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಮೇಲೆದ್ದು ಕೈಗೆ ಅಂಟಿಕೊಳ್ಳುತ್ತದೆ. ಒರೆಸಿದಷ್ಟೂ ಬರುತ್ತದೆ. ಕೂಸಿನ ಕಡೆ ನೋಡಿದರೆ ಅದರ ತುಟಿ ಹಸಿರಾಗಿದೆ. ಕೂಸು ಅಳುತ್ತಿಲ್ಲ, ನಗುತ್ತಿದೆ. ಅದಕ್ಕೇ ನನಗೆ ಹೆಚ್ಚು ಹೆದರಿಕೆ ಆಯಿತು. ಎದ್ದು ನೀರು ಕುಡಿದು ಕೂತೆ. ನಿಮ್ಮಪ್ಪನಿಗೆ ಹೇಳಿದರೆ, ಕುಬಸದ ಮನೆಯಲ್ಲಿ ಮಿರ್ಚಿ ಭಜಿ ಜಾಸ್ತಿ ತಿಂದಿದ್ದಿ ಎಂದು ಮಗ್ಗಲು ಬದಲಿಸಿದರು. ನಾನು ಚಿಂತಿಸುವ ಹೆಂಗಸು ಎಂದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಶಹಾಬಾದಿನ ಬಸ್ ನಿಲ್ದಾಣದಿಂದ ತಿರುಗಿ ಬಂದವಳು ನಾನು. ಆದರೆ ಈ ಚಿಂತೆಯನ್ನು ಮರುದಿನ ಬೆಳಗ್ಗೆ ಅಟ್ಟ ಹತ್ತಿ ಕಣ್ಣಾರೆ ನೋಡಿದೆ.

ತೊಟ್ಟಿಲಿನ ಕಥೆ ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ನಮ್ಮ ಮಾವನವರು, ನಿಮ್ಮ ಮುತ್ಯಾ, ವಾಡಿಯಲ್ಲಿ ಕಬ್ಬಿಣದ ಕೆಲಸದವರಿಂದ ಮಾಡಿಸಿದ್ದು. ನಮ್ಮ ಮನೆತನದ ಪದ್ಧತಿ, ಕೂಸು ಹುಟ್ಟುವ ತನಕ ತೊಟ್ಟಿಲಿಗೆ ಬಣ್ಣ ಮುಟ್ಟಿಸಬಾರದು. ಹುಟ್ಟಿದ ಮೇಲೆ ಕೂಸಿನ ಸೋದರಮಾವ ಮುಖ ನೋಡಿ ತನಗೆ ಹೊಳೆದ ಬಣ್ಣ ತಂದು ಹಚ್ಚಬೇಕು. ಹದಿಮೂರನೆಯ ದಿನ ಹೆಸರಿಟ್ಟು ಕೂಸನ್ನು ಅದರಲ್ಲಿ ಹಾಕಬೇಕು. ನಿಮ್ಮಪ್ಪನಿಗೆ ನೀಲಿ, ನಿನ್ನ ಸೋದರತ್ತೆಗೆ ಕೆಂಪು, ನಿನಗೆ ನಮ್ಮಣ್ಣ ಹಚ್ಚಿದ ಹಸಿರು, ನಿನ್ನ ತಮ್ಮ ಅಂಬರೇಶನಿಗೆ ಗುಲಾಬಿ. ಗುಲಾಬಿಯ ಸಲುವಾಗಿ ನೀನು ಅವನನ್ನು ಎಷ್ಟು ಕಾಡಿದ್ದಿ ನೆನಪಿದೆಯೇ? ಹಿಂದಿನ ಬಣ್ಣವನ್ನು ಯಾರೂ ಕೆರೆದಿಲ್ಲ. ದೊಡ್ಡವರ ಬಣ್ಣ ಕೆರೆಯುವುದು ಹೇಗೆ ಎಂದು ಅದರ ಮೇಲೆಯೇ ಹಚ್ಚುತ್ತಾ ಬಂದರು. ಬಾಣಂತಿ ಮನೆಯ ಗಡಿಬಿಡಿಯಲ್ಲಿ ತೊಳೆಯಲೂ ಇಲ್ಲ, ಒಣಗಲು ಬಿಡಲೂ ಇಲ್ಲ. ಬೆರಳಿನಷ್ಟಿದ್ದ ಕಂಬಿ ಈಗ ಹೆಬ್ಬೆರಳಿನಷ್ಟಾಗಿದೆ. ಉಗುರು ಒತ್ತಿದರೆ ಗುರುತು ಬೀಳುತ್ತದೆ.

ಇನ್ನು ಮೇಲಿನ ಅಡ್ಡ ಪೈಪು. ನೀನು ಹುಟ್ಟುವ ಮೊದಲು ಹಳೆಯದು ಮುರಿದು, ನೀರಿನ ಜಿ.ಐ. ಪೈಪು ಕೂರಿಸಿದ್ದರು. ಅದರ ಮೇಲೆ ಯಾವ ಬಣ್ಣವೂ ನಿಂತಿಲ್ಲ, ಹಪ್ಪಳದ ಹಾಗೆ ಎದ್ದು ಬೀಳುತ್ತದೆ. ಹಲ್ಲು ಬರುವಾಗ ನೀನು ಅದನ್ನು ಕಡಿದು ಕಡಿದು ತಿಂದೆ, ಅದಕ್ಕೇ ಬಣ್ಣ ಹೋಯಿತು ಎಂದು ನಮ್ಮತ್ತೆ, ನಿಮ್ಮ ಆಯಿ, ಇಪ್ಪತ್ತೆಂಟು ವರ್ಷದಿಂದ ಊರಿಗೆಲ್ಲ ಹೇಳುತ್ತಾ ಬಂದಿದ್ದಾರೆ. ತಾಯೀ, ಅದು ನಿನ್ನ ತಪ್ಪಲ್ಲ. ಅದನ್ನು ಈಗ ಈ ಮನೆಯಲ್ಲಿ ನಾನು ಸಾಬೀತು ಮಾಡಿ ತೋರಿಸಿದ್ದೇನೆ. ಮುಂದೆ ಓದು.

ಅಟ್ಟದಿಂದ ತೊಟ್ಟಿಲು ಇಳಿಸಿದ್ದನ್ನು ನೋಡಿ ಅಂಬರೇಶನಿಗೆ ನನಗಿಂತ ಹುರುಪು. ತಾನು ಸೋದರಮಾವ ಆಗುತ್ತೇನೆ ಎಂಬುದೇ ಅವನ ತಲೆಯಲ್ಲಿ. ಈ ಸಲ ಆಯಿಲ್ ಪೇಂಟು ಗೀಯಿಲ್ ಪೇಂಟು ಇಲ್ಲ, ತನ್ನ ಆಟೋಗೆ ಹೊಡೆಸಿದ ಗಾಡಿ ಬಣ್ಣವೇ ಹಚ್ಚುತ್ತೇನೆ, ಕೂಸು ತನ್ನ ಮುಖವನ್ನು ಕಂಬಿಯಲ್ಲೇ ನೋಡಿಕೊಳ್ಳಬೇಕು ಅಂದ. ಹುಟ್ಟುವ ತನಕ ತಡೆಯೋ ಅಂದರೂ ಕೇಳದೆ, ಹೇಗೆ ಕಾಣುತ್ತದೆ ನೋಡೋಣ ಎಂದು ಒಂದು ಕಾಲಿನ ಹಿಂದೆ ಉಳಿದ ಬಣ್ಣ ಹಚ್ಚಿದ. ನಾನು ರೊಟ್ಟಿ ಬಡಿದು ಹೊರಗೆ ಬರುವಷ್ಟರಲ್ಲಿ ಆ ಕಾಲಿನ ಮೇಲೆ ನನ್ನ ಕನಸೇ ಕೂತಿತ್ತು. ಗುಲಾಬಿ, ಹಸಿರು, ಕೆಂಪು ಎಲ್ಲ ಕೂಡಿ ಕೆನೆಗಟ್ಟಿ ಸುಕ್ಕಾಗಿ ಎದ್ದಿದ್ದವು. ಅಷ್ಟರಲ್ಲಿ ನಿಮ್ಮ ಆಯಿ ಗೋಡೆ ಹಿಡಿದುಕೊಂಡು ಬಂದರು, ನೋಡಿದರು.

"ಕೂಸಿನ ಮಾರಿ ನೋಡದಾ ತೊಟ್ಟಿಲಿಗಿ ಬಣ್ಣ ಮುಟ್ಟಸ್ಬ್ಯಾಡ್ರಿ ಅಂತ ಹೇಳಿದ್ದಿಲ್ಲೇನು? ಅದಕ್ಕ ಸಿಟ್ಟು ಬಂದದ."

ಅಷ್ಟೇ ಅಂದು ಒಳಗೆ ಹೋಗಿ ಮಲಗಿದರು. ಆ ದಿನ ಊಟ ಮಾಡಲಿಲ್ಲ. ಒಂದು ಕೂಸಿಗಾಗಿ ಆರು ವರ್ಷ ನೀನು ಎಷ್ಟು ಕಡೆ ಹೋಗಿ ಬಂದೆ, ಎಷ್ಟು ಸೂಜಿ ಚುಚ್ಚಿಸಿಕೊಂಡೆ, ನನಗೆ ಎಲ್ಲ ಕಣ್ಣ ಮುಂದೆ ಬಂತು. ಇಂಥ ಹೊತ್ತಿನಲ್ಲಿ ಇದೇನು ಮಾಡಿಬಿಟ್ಟೆವು ಅನಿಸಿತು. ಆದರೆ ಎದೆಯ ಇನ್ನೊಂದು ಮೂಲೆಯಲ್ಲಿ ಬೇರೆ ಪ್ರಶ್ನೆ. ಕಾಲು ಸಿಟ್ಟಿನಿಂದ ಸುಕ್ಕಾದರೆ, ಅದೇ ಬಣ್ಣ ಆಟೋದ ಮೇಲೆ ಯಾಕೆ ಸುಕ್ಕಾಗಲಿಲ್ಲ? ಎದ್ದ ಸಿಪ್ಪೆಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡೆ. ಅಂಬರೇಶನ ಆಟೋದಲ್ಲಿ ಕೂತು ವಾಡಿಗೆ ಹೋದೆ.

ಆಟೋಗೆ ಬಣ್ಣ ಹೊಡೆದವರು ಹಾಜಿಮಲಂಗ್ ಎಂಬ ಹಿರಿಯರು, ರೈಲು ಗೇಟಿನ ಆಚೆ ಅವರ ಶೆಡ್ಡು. ತಾವು ಮಾತಾಡುವಾಗ ಇನ್ನೊಬ್ಬರಿಗೆ ಬಾಯಿ ತೆರೆಯಲು ಬಿಡುವವರಲ್ಲ. ಡಬ್ಬಿಯ ಸಿಪ್ಪೆ ನೋಡಿ ಮೊದಲು ಅಂಬರೇಶನಿಗೆ ಬೈದರು. ಆಮೇಲೆ ನನಗೆ ಒಂದು ಕುರ್ಚಿ ಒರೆಸಿ ಕೊಟ್ಟರು. ಕಂಬಿಗೆ ಸಿಟ್ಟು ಬಂದಿದೆ ಅನ್ನುತ್ತಾರೆ ನಮ್ಮತ್ತೆ ಎಂದಷ್ಟೇ ಹೇಳಲು ಬಿಟ್ಟರು.

"ಅಕ್ಕಾ, ಕೆಳಗಿಂದು ಆಯಿಲ್ ಪೇಂಟ್, ಮ್ಯಾಲಿಂದು ಗಾಡಿ ಪೇಂಟ್. ಇದರ ಥಿನ್ನರ್ ಭಾಳ ತೇಜ್ ಇರ್ತದ, ಕೆಳಗಿಂದ್ಕ ಕಚ್ಚಿ ಎಬ್ಬಿಸ್ತದ. ಎರಡರದೂ ಜಮಾಯಿಸಂಗಿಲ್ಲ. ಸಿಟ್ಟೂ ಇಲ್ಲ, ಗಿಟ್ಟೂ ಇಲ್ಲ."

ಅವರ ಮಾತಿನಿಂದ ನನಗೆ ಎಷ್ಟು ಹಗುರವಾಯಿತು ಎಂದರೆ ಅಲ್ಲೇ ಅಳು ಬಂತು. ಮತ್ತೆ ಏನು ಮಾಡಬೇಕು ಎಂದು ಕೇಳಿದೆ. ಕೆರೆಯುವುದು ಯಾಕೆ, ಮೇಲೆ ಇನ್ನೊಂದು ಕೈ ಆಯಿಲ್ ಪೇಂಟನ್ನೇ ಹಚ್ಚಿ ಮುಗಿಸಿ ಅಂದರು. ಇದು ಕೂಸಿನ ತೊಟ್ಟಿಲು, ನಮ್ಮ ಮಕ್ಕಳು ಹಲ್ಲು ಬರುವಾಗ ಕಂಬಿ ಕಡಿಯುತ್ತಾರೆ ಅಂದ ಕೂಡಲೇ ಅವರ ಮುಖ ಬದಲಾಯಿತು. ತೊಟ್ಟಿಲು ಎಂದು ಯಾಕೆ ಮೊದಲೇ ಹೇಳಲಿಲ್ಲ, ನಾನು ಬಾಗಿಲ ಕಂಬಿ ಎಂದು ತಿಳಿದಿದ್ದೆ ಅಂದರು. ಹಳೆಯ ಕಾಲದ ಬಣ್ಣಗಳಲ್ಲಿ ಸೀಸ ಹಾಕುತ್ತಿದ್ದರಂತೆ. ಕೆಂಪು, ಹಸಿರಿನಲ್ಲಿ ಜಾಸ್ತಿಯಂತೆ. ಅದು ಸಣ್ಣ ಕೂಸಿನ ಹೊಟ್ಟೆಗೂ ಹೋಗಬಾರದು, ಬಸುರಿಯ ಹೊಟ್ಟೆಗೂ ಹೋಗಬಾರದು. ಒಣದಾಗಿ ಉಜ್ಜಿದರೆ ಧೂಳು ಮೂಗಿಗೆ ಹೋಗುತ್ತದೆ, ಬೆಂಕಿ ತೋರಿಸಿದರೆ ಹೊಗೆ. ನೀರು ಹಚ್ಚಿಯೇ ಕೆರೆಯಬೇಕು, ಮನೆಯ ಒಳಗಂತೂ ಬೇಡವೇ ಬೇಡ ಅಂದರು. ತಿರುಗಿ ಬರುವ ದಾರಿಯುದ್ದಕ್ಕೂ ನಿನ್ನ ಹಸಿರು ಬಣ್ಣದ ಬಗ್ಗೆ, ನೀನು ಕಡಿದ ಪೈಪಿನ ಬಗ್ಗೆ ಏನೇನೋ ಚಿಂತೆ ಬಂತು. ಅದನ್ನು ಬರೆಯುವುದಿಲ್ಲ. ನೀನು ಗಟ್ಟಿಮುಟ್ಟಾಗಿ ಬೆಳೆದಿದ್ದಿ, ಅಷ್ಟು ಸಾಕು.

ಈಗ ಕೆರೆದ ಮೇಲೆ ಏನು ಹಚ್ಚುವುದು? ಕೆಳಗೆ ಹಚ್ಚುವ ಪ್ರೈಮರ್ ಯಾವುದು, ಮೇಲೆ ಬಣ್ಣ ಯಾವುದು? ಶಹಾಬಾದಿನ ಪೇಂಟ್ ಅಂಗಡಿಯ ದಿಲೀಪ ಹೇಳಿದ್ದು ಒಂದು, ಹಾಜಿಮಲಂಗ್ ಹೇಳಿದ್ದು ಇನ್ನೊಂದು. ದಿಲೀಪ ಕೆಂಪು ಪ್ರೈಮರ್ ಡಬ್ಬಿ ಎತ್ತಿ ಮುಂದಿಟ್ಟ, ರೆಡ್ ಆಕ್ಸೈಡ್. ಎಲ್ಲ ಕಬ್ಬಿಣಕ್ಕೂ ಇದೇ ನಡೆಯುತ್ತದೆ ಅಂದ. ಪೈಪಿಗೆ ನಡೆಯುತ್ತದೆಯೇ ಅಂದೆ. ನಡೆಯುತ್ತದೆ ಅಂದ. ಬಣ್ಣ ಅದರ ಮೇಲೆ ನಿಲ್ಲುವುದಿಲ್ಲ, ಹಪ್ಪಳದ ಹಾಗೆ ಏಳುತ್ತದೆ ಅಂದೆ. ಆಗ ತಲೆ ಕೆರೆದುಕೊಂಡು, ಜಿ.ಐ. ಪೈಪು ಕಬ್ಬಿಣವೇ ಆದರೂ ಅದರ ಮೈಮೇಲೆ ಸತುವಿನ ಪದರ ಇರುತ್ತದೆ, ಅದಕ್ಕೆ ಬೇರೆ ಪ್ರೈಮರ್ ಬೇಕಾದೀತು ಅಂದ. ಹಾಜಿಮಲಂಗ್ ಬೂದಿ ಬಣ್ಣದ ಎಪಾಕ್ಸಿ ಪ್ರೈಮರ್ ಹೇಳಿದ್ದರು. ಅದು ಎರಡು ಡಬ್ಬಿಯಲ್ಲಿ ಬರುತ್ತದೆ, ಕಲಸಿದರೆ ಮಾತ್ರ ಗಟ್ಟಿಯಾಗುತ್ತದೆ. ಇಬ್ಬರೂ ತಮ್ಮ ತಮ್ಮ ಕಸುಬಿನಲ್ಲಿ ಸರಿಯೇ ಇರಬಹುದು. ಆದರೆ ನನ್ನ ತೊಟ್ಟಿಲಿನಲ್ಲಿ ಕಬ್ಬಿಣದ ಕಂಬಿಯೂ ಇದೆ, ಸತುವಿನ ಪೈಪೂ ಇದೆ. ಸತ್ಯ ಹೇಳುತ್ತೇನೆ ರಾಧಿಕಾ, ನಿನ್ನನ್ನು ಕುಂಚಾವರಂಗೆ ಕೊಡುವಾಗಲೂ ನಾನು ಇಷ್ಟು ವಿಚಾರಿಸಿರಲಿಲ್ಲ.

ಎಲ್ಲ ನಮೂನೆಯದ್ದನ್ನೂ ಅಂಬರೇಶನಿಂದ ಸ್ವಲ್ಪ ಸ್ವಲ್ಪ ತರಿಸಿದೆ. ಹಿತ್ತಲಿನ ಫರಸಿ ಕಲ್ಲಿನ ಮೇಲೆ ತೊಟ್ಟಿಲು ಮಗುಚಿ ಹಾಕಿ, ಕಾಣದ ಕಡೆ ಕಂಬಿಯಲ್ಲಿ ಅಷ್ಟು, ಪೈಪಿನ ಹೊಟ್ಟೆಯಲ್ಲಿ ಅಷ್ಟು, ನೀರು ಹಚ್ಚಿ ಎಮರಿ ಪೇಪರಿನಿಂದ ಲೋಹ ಹೊಳೆಯುವ ತನಕ ತಿಕ್ಕಿದೆ. ಜಿಡ್ಡು ಒರೆಸಿದೆ. ಪಟ್ಟಿ ಪಟ್ಟಿಯಾಗಿ ಹಚ್ಚಿದೆ. ಯಾವುದರ ಪಕ್ಕದಲ್ಲಿ ಯಾವುದು ಎಂದು ಮರೆಯಬಾರದೆಂದು ಕೆಂಪು ಪ್ರೈಮರಿನ ಪಕ್ಕದಲ್ಲಿ ಕೆಂಪು ದಾರ, ಬೂದಿಯ ಪಕ್ಕದಲ್ಲಿ ಕಪ್ಪು ದಾರ ಕಟ್ಟಿದೆ. ಮೊದಲ ಸಲ ಎಪಾಕ್ಸಿ ಕಲಸಿದವನು ನಿನ್ನ ತಮ್ಮ. ಇದ್ದದ್ದನ್ನೆಲ್ಲ ಒಂದೇ ಸಲ ಕಲಸಿಟ್ಟು, ಒಂದು ಸವಾರಿ ಸಿಕ್ಕಿತು ಎಂದು ಚಿತ್ತಾಪುರಕ್ಕೆ ಹೋದ. ತಿರುಗಿ ಬಂದು ನೋಡಿದರೆ ಡಬ್ಬಿಯಲ್ಲಿ ಬೆಲ್ಲದ ಅಚ್ಚು, ಅದರ ನಡುವೆ ಬ್ರಷ್ಷು ಕಂಬದ ಹಾಗೆ ನಿಂತಿದೆ. ನಿಮ್ಮ ಆಯಿ ಒಳಗಿನಿಂದಲೇ, ಆಟೋದಾಗ ಕುಂದ್ರಿಸ್ಕೊಂಡು ಹೋಗಬೇಕಿತ್ತು ಅದನ್ನ, ಅಂದರು. ಮುನಿಸಿಕೊಂಡ ಮೇಲೆ ಅವರು ಆಡಿದ ಮೊದಲ ಮಾತು ಅದು. ನಮಗೆಲ್ಲ ನಗು ತಡೆಯಲಾಗಲಿಲ್ಲ.

ಒಣಗಿದ ಮೇಲೆ ಕೂಸಿನ ಬಾಯಿಯ ಜೊಲ್ಲಿನ ಹಾಗೆ ಇರಲಿ ಎಂದು ಪ್ರತಿ ಪಟ್ಟಿಗೂ ಒದ್ದೆ ಬಟ್ಟೆ ಸುತ್ತಿಟ್ಟೆ. ಒಣಗಿದಾಗಲೆಲ್ಲ ಮತ್ತೆ ನೀರು ಹಾಕಿದೆ. ವಾರಗಟ್ಟಲೆ ಹಾಗೆ ಬಿಟ್ಟು, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮರುದಿನ ಬಿಚ್ಚಿ, ಒಂದು ರೂಪಾಯಿಯ ನಾಣ್ಯದಿಂದ ಕೆರೆದು ನೋಡಿದೆ. ಕೆಂಪು ಪ್ರೈಮರ್, ಅದರ ಮೇಲೆ ಆಯಿಲ್ ಪೇಂಟು: ಕಂಬಿಯ ಮೇಲೆ ಗಟ್ಟಿಯಾಗಿ ಕೂತಿದೆ, ಆದರೆ ಪೈಪಿನ ಮೇಲೆ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಉದ್ದಕ್ಕೆ ಎದ್ದು ಬಂತು. ಕೆಂಪು ಪ್ರೈಮರಿನ ಮೇಲೆ ಗಾಡಿ ಬಣ್ಣ ಹಚ್ಚಿದ್ದು ಮೊದಲ ದಿನವೇ ಸುಕ್ಕಾಗಿತ್ತು. ಬೂದಿ ಪ್ರೈಮರಿನ ಮೇಲೆ ಆಯಿಲ್ ಪೇಂಟು ನೋಡಲು ಚೆಂದ, ಉಗುರು ಹಾಕಿದರೆ ಕುದಿಸಿದ ಶೇಂಗಾದ ಸಿಪ್ಪೆಯ ಹಾಗೆ ಬಿಟ್ಟುಕೊಂಡಿತು, ಕೆಳಗೆ ಬೂದಿ ಹಾಗೆಯೇ ಇದೆ. ಬೂದಿಯ ಮೇಲೆ ಗಾಡಿ ಬಣ್ಣ ಕಂಬಿಯಲ್ಲೂ ಕೂತಿದೆ, ಪೈಪಿನಲ್ಲೂ ಕೂತಿದೆ! ನಾಣ್ಯದಿಂದ ಗೆರೆ ಬಿತ್ತು ಅಷ್ಟೇ, ಏಳಲಿಲ್ಲ. ನಾನು ಮತ್ತೆ ಮತ್ತೆ ಕೆರೆದೆ. ಹಿತ್ತಲಲ್ಲಿ ಒಬ್ಬಳೇ ನಗುತ್ತಾ ಕೂತದ್ದನ್ನು ನೋಡಿ ಪಕ್ಕದ ಮನೆಯ ನೂರಜಹಾನ್ ಗೋಡೆಯ ಮೇಲಿಂದ ಏನಾಯಿತು ಅಕ್ಕಾ ಎಂದು ಕೇಳಿದಳು. ಪೈಪಿನ ಮೇಲೆ ಬಣ್ಣ ನಿಂತಿತು ಅಂದೆ. ಅವಳಿಗೆ ಏನು ತಿಳಿಯಿತೋ, ಮುಬಾರಕ್ ಅಂದಳು.

ಗಾಡಿ ಬಣ್ಣವನ್ನು ಕೂಸು ಕಡಿದರೆ ಏನಾಗುತ್ತದೆ ಎಂದೂ ಕೇಳಿದ್ದೇನೆ. ಡಬ್ಬಿಯ ಮೇಲೆ ಸೀಸ ಹಾಕಿಲ್ಲ ಎಂದು ಬರೆದದ್ದನ್ನೇ ತರಬೇಕು, ಹಚ್ಚಿದ ಮೇಲೆ ಒಂದು ವಾರ ಬಿಸಿಲು ಗಾಳಿಗೆ ಇಟ್ಟು ಪೂರಾ ಗಟ್ಟಿಯಾಗಿ ವಾಸನೆ ಹೋದ ಮೇಲೆಯೇ ಕೂಸನ್ನು ಹಾಕಬೇಕು ಎಂದು ಹಾಜಿಮಲಂಗ್ ಹೇಳಿದ್ದಾರೆ. ಹಸಿ ಇರುವಾಗ ಅದರ ಗಾಳಿ ಒಳ್ಳೆಯದಲ್ಲವಂತೆ. ಅದಕ್ಕೆ ಅಂಬರೇಶ ಅವರ ಶೆಡ್ಡಿನಲ್ಲೇ ಮುಖಕ್ಕೆ ಮಾಸ್ಕು ಹಾಕಿಕೊಂಡು ಹಚ್ಚುತ್ತಾನೆ. ಹುಟ್ಟಿದ ಮೂರನೆಯ ದಿನ ಹಚ್ಚಿದರೆ ಹೆಸರಿಡುವ ದಿನಕ್ಕೆ ಸರಿಹೋಗುತ್ತದೆ. ಯಾವ ಬಣ್ಣ ಎಂದು ನಾನು ಕೇಳಿಲ್ಲ. ಅದು ಅವನು ಮುಖ ನೋಡಿ ಹೇಳಬೇಕಾದದ್ದು.

ಆದರೆ ಬಣ್ಣ ಆಮೇಲೆ ಹಚ್ಚಬಹುದು, ಕೆರೆಯುವುದನ್ನೂ ಪ್ರೈಮರನ್ನೂ ಆಮೇಲೆ ಮಾಡಲು ಆಗುವುದಿಲ್ಲ. ಬಾಣಂತಿ, ಹಸುಗೂಸು ಮನೆಯಲ್ಲಿ ಇರುವಾಗ ಸೀಸದ ಬಣ್ಣ ಕೆರೆದ ಕೈಯಿಂದ ನಾನು ಕೂಸಿಗೆ ಎಣ್ಣೆ ಹಚ್ಚಿ ಎರೆಯಲೇ? ನೀನು ಹೆರಿಗೆಗೆ ಬಂದ ಮೇಲೂ ಆಗದು, ನೀನು ಬಸುರಿ. ಅಂದರೆ ನೀನು ಈ ಮನೆಯ ಹೊಸ್ತಿಲು ತುಳಿಯುವ ಮೊದಲೇ ಎಲ್ಲ ಆಗಬೇಕು. ಅಲ್ಲಿಗೆ ನಿಮ್ಮ ಆಯಿಯ ಮಾತು ಅಡ್ಡ ಬಂತು. ಅವರ ಮನಸ್ಸು ನೋಯಿಸಿ ತೊಟ್ಟಿಲು ತೂಗಲು ನನಗೆ ಆಗುವುದಿಲ್ಲ. ಅವರ ಮಾತು ಮೀರಿ ಮಾಡಿ, ನಾಳೆ ಏನಾದರೂ ಆದರೆ ಎಂಬ ಹೆದರಿಕೆ ನನಗೂ ಇಲ್ಲದೆ ಇಲ್ಲ. ಎರಡು ದಿನ ಊಟ ಸೇರಲಿಲ್ಲ. ಕೊನೆಗೆ ಮಾತಾಡುವುದೇ ಬಿಟ್ಟು, ಅವರನ್ನು ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ, ಬಿಸಿಲಿನಲ್ಲಿ ಕೂರಿಸಿ, ಬರೀ ಬೂದಿ ಪ್ರೈಮರ್ ಹಚ್ಚಿ ಬಿಟ್ಟಿದ್ದ ಪಟ್ಟಿಯ ಮೇಲೆ ಅವರ ಬೆರಳು ಇಟ್ಟೆ. ಅವರು ಬೆರಳು ಆಡಿಸಿದರು. ಮೂಗಿನ ಹತ್ತಿರ ತಂದು ನೋಡಿದರು. ಹೊಳಪಿಲ್ಲ, ಮಾಸಲು, ಒರಟು.

"ಇದ್ಕ ಬಣ್ಣ ಅಂತಾರೇನು ಬಸ್ಸಮ್ಮ? ಈಬತ್ತಿ ಹಚ್ಚಿದಂಗ ಅದ."

ತಮ್ಮ ಹಣೆಯ ವಿಭೂತಿಯನ್ನು ಮುಟ್ಟಿಕೊಂಡರು. ಅವರೇ ಮುಂದೆ ಹೇಳಿದರು, "ಹಚ್ಚು. ಈಬತ್ತಿ ಹಚ್ಚಲಿಕ್ಕ ಯಾರ ಮಾರಿ ನೋಡಬೇಕಾಗ್ಯಾದ? ಬಣ್ಣ ಮಾತ್ರ ನಿನ್ನ ಮಗ ಕೂಸು ಬಂದ ಮ್ಯಾಲೇ ಹಚ್ಚಲಿ."

ಆ ಮೇಲೆ ಅವರ ಹುರುಪು ನೋಡಬೇಕಿತ್ತು. ನಾನು ಕೆರೆಯುವಾಗ ದೂರದಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಕೂತು, ಅಲ್ಲಿ ಉಳಿದಿದೆ, ಇಲ್ಲಿ ಉಳಿದಿದೆ ಎಂದು ಕೋಲಿನಿಂದ ತೋರಿಸುತ್ತಾರೆ. ಗುಲಾಬಿ ಹೋಯಿ‍ತು, ನಿನ್ನ ಹಸಿರು ಹೋಯಿತು, ನಿನ್ನ ಸೋದರತ್ತೆಯ ಕೆಂಪು ಹೋಯಿತು. ಕೆರೆದ ಹಸಿ ಪುಡಿಯನ್ನೆಲ್ಲ ಹಳೆಯ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದು ಇಟ್ಟಿದ್ದೇನೆ, ತಿಪ್ಪೆಗೆ ಹಾಕಿದರೆ ಕೋಳಿ ಕೆದರುತ್ತವೆ. ಫರಸಿ ಕಲ್ಲನ್ನು ದಿನಾ ತೊಳೆಯುತ್ತೇನೆ. ಕೆರೆಯುವಾಗ ಉಟ್ಟ ಸೀರೆಯನ್ನು ಬೇರೆ ಒಗೆಯುತ್ತೇನೆ. ಪೈಪನ್ನು ತಿಕ್ಕಿದಾಗ ಅದರ ಮೇಲೆ ಹಲ್ಲಿನ ಗುರುತು ಒಂದೂ ಇರಲಿಲ್ಲ ಎಂದು ನಿಮ್ಮ ಆಯಿಗೆ ತೋರಿಸಿದೆ. ಇಪ್ಪತ್ತೆಂಟು ವರ್ಷದ ಅಪವಾದ ಅಲ್ಲವೇ. ಅವರು ನೋಡಿ, ಆಗ ಅವಳ ಹಲ್ಲು ಸಣ್ಣವು ಇದ್ದವು, ಅಂದರು. ಸೋಲುವವರಲ್ಲ.

ಈಗ ತೊಟ್ಟಿಲಿನ ಮೇಲೆ ಉಳಿದಿರುವುದು ಎಲ್ಲಕ್ಕೂ ಕೆಳಗಿನ ನೀಲಿ ಒಂದೇ. ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ಅದನ್ನೂ ತೆಗೆದರೆ ಬರೀ ಕಬ್ಬಿಣ ಹೊರಗೆ ಬರುತ್ತದೆ, ಅಂದೇ ಪ್ರೈಮರ್ ಹಚ್ಚಬೇಕು, ಇಲ್ಲದಿದ್ದರೆ ಮರುದಿನಕ್ಕೆ ಜಂಗು ಹಿಡಿಯುತ್ತದೆ. ಮೊನ್ನೆ ನಿಮ್ಮಪ್ಪ ಕಲ್ಲಿನ ಪಾಲಿಶ್ ಕೆಲಸದಿಂದ ಬಂದವರು ಕೈ ಕೂಡ ತೊಳೆಯದೆ ಹಿತ್ತಲಲ್ಲಿ ನಿಂತು ನೋಡಿದರು. "ಇದು ನಂದೇನು?" ಅಂದರು. ಹೌದು, ನಿಮ್ಮ ಸೋದರಮಾವ ಹಚ್ಚಿದ್ದು ಅಂದೆ. ಕಂಬಿಯ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, ಚೆಂದ ನೀಲಿ ಅದ, ಅಂದು ಒಳಗೆ ಹೋದರು. ಬಣ್ಣದ ವಿಷಯದಲ್ಲಿ ಈ ಎರಡು ತಿಂಗಳಲ್ಲಿ ಅವರು ಆಡಿದ ಮಾತು ಅಷ್ಟೇ. ಆದರೆ ಮರುದಿನ ತಾವೇ ಹೊಸ ಎಮರಿ ಪೇಪರ್ ತಂದು ಕಟ್ಟೆಯ ಮೇಲೆ ಇಟ್ಟಿದ್ದರು.

ಇಷ್ಟೆಲ್ಲ ಬರೆದದ್ದು ನಿನ್ನನ್ನು ಹೆದರಿಸಲು ಅಲ್ಲ ತಾಯಿ, ನನಗೆ ಸಂತೋಷ ತಡೆಯಲಾಗದೆ ಬರೆದೆ. ನೀನು ಬಂದಾಗ ಪಡಸಾಲೆಯಲ್ಲಿ ಬೂದಿ ಬಣ್ಣದ ತೊಟ್ಟಿಲು ನಿಂತಿರುತ್ತದೆ. ಮಾಸಲಾಗಿದೆ, ಯಾರೂ ಬಣ್ಣ ಹಚ್ಚಿಲ್ಲ ಎಂದು ಮುಖ ಸಣ್ಣ ಮಾಡಬೇಡ. ಅದು ಕಾಯುತ್ತಿದೆ ಎಂದು ತಿಳಿ. ಅಂಬರೇಶನಿಗೆ ಈ ಕಾಗದದ ಸುದ್ದಿ ಹೇಳಬೇಡ, ಡಬ್ಬಿಯಲ್ಲಿ ಬ್ರಷ್ಷು ನಿಂತದ್ದನ್ನು ಬರೆದೆ ಎಂದು ಜಗಳಕ್ಕೆ ಬರುತ್ತಾನೆ. ನಿಮ್ಮ ಅತ್ತೆಯವರಿಗೆ, ಅಳಿಯಂದಿರಿಗೆ ನಮ್ಮ ನಮಸ್ಕಾರ ತಿಳಿಸು. ಸಜ್ಜೆ ರೊಟ್ಟಿಯನ್ನು ಬೆಣ್ಣೆಯ ಜೊತೆ ತಿನ್ನು, ಒಣದು ತಿಂದರೆ ಉಷ್ಣ ಆಗುತ್ತದೆ. ಎಡ ಮಗ್ಗುಲಾಗಿ ಮಲಗು. ನಿನ್ನ ಹೊಟ್ಟೆಯಲ್ಲಿರುವ ಕೂಸಿಗೂ ನಿನಗೂ ಈ ಮನೆಯ ಹಿರಿಯರೆಲ್ಲರ ಹರಕೆ ಕಾವಲಿರಲಿ.

ನಿನ್ನ ಅವ್ವ,
ಬಸ್ಸಮ್ಮ

ತಾ.ಕ.: ನಿಮ್ಮಪ್ಪ ಡಬ್ಬಿ ಕಟ್ಟು ಎಂದು ಅವಸರ ಮಾಡುತ್ತಿದ್ದಾರೆ. ಮುಖ್ಯ ಮಾತು ಇದೇ. ಬೂದಿ ಪ್ರೈಮರ್ ಹಚ್ಚಿದ ಮೇಲೆ ಒಂದು ತಿಂಗಳ ಒಳಗೆ ಮೇಲಿನ ಬಣ್ಣ ಬೀಳಬೇಕು ಎಂದು ಆ ಡಬ್ಬಿಯ ಕಾಗದದಲ್ಲಿ ಬರೆದಿದೆ. ಅದು ದಾಟಿದರೆ ಮೈ ಗಾಜಿನ ಹಾಗೆ ಬಿಗಿದು ಬಣ್ಣ ಹಿಡಿಯುವುದಿಲ್ಲ, ಮತ್ತೆ ಉಜ್ಜಬೇಕು, ಆಗ ಮನೆಯಲ್ಲಿ ಹಸುಗೂಸು. ಚಿಂಚೋಳಿಯ ಡಾಕ್ಟರಮ್ಮ ನಿನಗೆ ಹೆರಿಗೆಯ ದಿನ ಫೆಬ್ರುವರಿ ಎಂಟು ಎಂದು ಬರೆದುಕೊಟ್ಟರು, ಸೇಡಂನ ಸ್ಕ್ಯಾನಿಂಗಿನಲ್ಲಿ ಇಪ್ಪತ್ನಾಲ್ಕು ಎಂದು ಬಂತು. ಯಾರದೂ ತಪ್ಪಲ್ಲವಂತೆ, ಲೆಕ್ಕ ಹಿಡಿಯುವ ರೀತಿ ಬೇರೆಯಂತೆ. ಎಂಟು ಆದರೆ ಬರುವ ವಾರವೇ ನಿನ್ನನ್ನು ಕರೆತರಬೇಕು, ಅದರ ಹಿಂದಿನ ದಿನ ನಾನು ನೀಲಿ ತೆಗೆದು ಬೂದಿ ಹಚ್ಚುತ್ತೇನೆ. ಇಪ್ಪತ್ನಾಲ್ಕು ಆಗಿದ್ದು ಈಗಲೇ ಹಚ್ಚಿದರೆ ತಿಂಗಳು ದಾಟಿಹೋಗುತ್ತದೆ, ಫೆಬ್ರುವರಿ ಒಂದರ ತನಕ ಕೈ ಕಟ್ಟಿಕೊಂಡು ಕೂರಬೇಕು. ಕೂಸು ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ ಎಂದು ನಿಮ್ಮ ಆಯಿ ನಗುತ್ತಾರೆ. ಇರಲಿ. ಬುಧವಾರ ತಪಾಸಣೆಗೆ ಹೋದಾಗ ಮೊದಲನೆಯ ಸ್ಕ್ಯಾನಿನ ಕಾಗದ ಒಯ್ದು ಎರಡರಲ್ಲಿ ಯಾವುದನ್ನು ಹಿಡಿಯಬೇಕು ಎಂದು ಕೇಳಿ, ಫೋನಿನಲ್ಲಿ ತಾರೀಕು ಒಂದೇ ಹೇಳು, ಸ್ಪೀಕರಿನ ಮೇಲೆ ಇದ್ದರೂ ನಡೆಯುತ್ತದೆ. ದೃಷ್ಟಿಯಾದೀತೆಂದು ಆರು ವರ್ಷ ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಒಂದು ತಾರೀಕು ಕೇಳಿರಲಿಲ್ಲ. ನಾನು ಈಗ ಕೇಳುತ್ತಿದ್ದೇನೆ. ಎಂಟೋ ಇಪ್ಪತ್ನಾಲ್ಕೋ, ಇನ್ನೊಮ್ಮೆ ಸರಿಯಾಗಿ ಕೇಳಿ ನೋಡು.